ದಮ್ಮು ಕೊಟ್ಟಿದ್ದು ಮಷಿನ್, ಕಾಲು ಕೊಟ್ಟಿದ್ದು ನೆಲ

ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆ ಮುಗಿಯಿತು ಅಂದರೆ ಬಿಸಿಲು ಬಂದು ಕೂತಿತು ಅಂತಲೇ ಲೆಕ್ಕ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಅಂಥ ಊರಲ್ಲಿ, ಅಂಥ ಬೇಸಿಗೆಯಲ್ಲೇ ನಾನು ವ್ಯಾಯಾಮಕ್ಕೆ ಇಳಿದೆ. ಹೊರಗೆ ಓಡುವುದು ಒಳ್ಳೆಯದಾ, ಜಿಮ್‌ನ ಕಾರ್ಡಿಯೋ ಮಷಿನ್ (ಟ್ರೆಡ್‌ಮಿಲ್, ಸೈಕಲ್‌ನಂಥ, ಹೃದಯಕ್ಕೆ ಉಸಿರಿಗೆ ಕೆಲಸ ಕೊಡುವ ಯಂತ್ರ) ಒಳ್ಳೆಯದಾ ಅಂತ ಈಗ ಆಫೀಸಿನಲ್ಲಿ ಯಾರಾದರೊಬ್ಬರು ಕೇಳುತ್ತಲೇ ಇರುತ್ತಾರೆ. ಎರಡನ್ನೂ ಮನಸ್ಸಿಟ್ಟು ಮಾಡಿದ್ದೇನೆ. ಒಂದೇ ಮಾತಿನಲ್ಲಿ ಉತ್ತರ ಕೊಟ್ಟರೆ ಕೇಳಿದವರಿಗೆ ಉಪಯೋಗವಾಗುವುದಿಲ್ಲ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಕಾರಣ ರಕ್ತ ಪರೀಕ್ಷೆ. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1 ಬಂತು. ನನಗಾಗ 42 ವರ್ಷ. ಡಾಕ್ಟರ್ ರಿಪೋರ್ಟ್ ನೋಡಿ, "ಸಕ್ಕರಿ ಕಾಯಿಲೆ ಇನ್ನೂ ಬಂದಿಲ್ರಿ, ಆದ್ರ ಬಾಗಿಲಿಗೆ ಬಂದು ನಿಂತದ" ಅಂದರು. 5.7ರಿಂದ 6.4ರವರೆಗೆ ಗಡಿ, 6.5 ಆದರೆ ಕಾಯಿಲೆ. ನಮ್ಮ ಅಪ್ಪನಿಗೆ ಸಕ್ಕರೆ ಇತ್ತು. ಪಾದಕ್ಕೆ ಆದ ಸಣ್ಣ ಗಾಯ ಮಾಯದೆ ಅವರು ಪಟ್ಟ ಕಷ್ಟ ನಾನು ಹತ್ತಿರದಿಂದ ನೋಡಿದ್ದೇನೆ. ಡಾಕ್ಟರ್ ಹೆಚ್ಚಿಗೆ ಏನೂ ಹೇಳಬೇಕಾಗಲಿಲ್ಲ.

ವ್ಯಾಯಾಮಕ್ಕೂ ಮುಂಚೆ ಟಿಎಂಟಿ ಮಾಡಿಸಲು ಹೇಳಿದರು. ಎದೆಗೆ ವೈರ್ ಅಂಟಿಸಿ ಟ್ರೆಡ್‌ಮಿಲ್ ಮೇಲೆ ನಡೆಸುವ ಪರೀಕ್ಷೆ. ಹೆಚ್ಚಿನ ಕಡೆ ಅಮೆರಿಕದ ಹೃದಯ ವೈದ್ಯ ರಾಬರ್ಟ್ ಬ್ರೂಸ್ ರೂಪಿಸಿದ ಕ್ರಮವನ್ನೇ ಬಳಸುತ್ತಾರೆ. ಮೊದಲ ಹಂತದಲ್ಲಿ ವೇಗ ಗಂಟೆಗೆ 2.7 ಕಿ.ಮೀ., ಏರು ಶೇ 10, ಅಂದರೆ ನೂರು ಮೀಟರ್ ಮುಂದೆ ಹೋದರೆ ಹತ್ತು ಮೀಟರ್ ಮೇಲಕ್ಕೆ. ಆಮೇಲೆ ಮೂರು ಮೂರು ನಿಮಿಷಕ್ಕೆ ವೇಗವೂ ಏರುತ್ತದೆ, ಏರೂ ಜಾಸ್ತಿಯಾಗುತ್ತದೆ. ಮೂರನೇ ಹಂತ 5.5 ಕಿ.ಮೀ. ವೇಗ, ಶೇ 14 ಏರು. ಅದು ಶುರುವಾಗಿ ಸ್ವಲ್ಪ ಹೊತ್ತಿಗೇ ನನಗೆ ಉಸಿರು ಸಾಲದೆ ಕೈ ಎತ್ತಿದೆ. ಹೃದಯದಲ್ಲಿ ದೋಷ ಏನೂ ಕಾಣಲಿಲ್ಲ. "ಹಾರ್ಟ್ ಚಲೋ ಅದ, ದಮ್ಮು ಇಲ್ಲ" ಅಂದರು ಡಾಕ್ಟರ್. ಆ ಎರಡು ಬೇರೆ ಬೇರೆ ಅನ್ನುವುದು ನನಗೆ ತಿಳಿದದ್ದು ಅವತ್ತೇ.

ಎಷ್ಟು ಮಾಡಬೇಕು ಅಂತ ಕೇಳಿದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಲೆಕ್ಕವನ್ನೇ ಅವರು ಹೇಳಿದರು. ವಾರಕ್ಕೆ ಕಡಿಮೆ ಅಂದರೆ 150 ನಿಮಿಷ ಚುರುಕು ನಡಿಗೆಯಂಥ ಶ್ರಮ, ಇಲ್ಲಾ 75 ನಿಮಿಷ ಓಟದಂಥ ಜೋರು ಶ್ರಮ. ಎರಡನ್ನೂ ಬೆರೆಸಿದರೂ ನಡೆಯುತ್ತದೆ. ಯಾವ ಮಷಿನ್, ಯಾವ ಗ್ರೌಂಡ್ ಅನ್ನುವುದು ಆ ಲೆಕ್ಕದಲ್ಲಿ ಇಲ್ಲ.

ಅದೇ ಹೊತ್ತಿಗೆ ನಮ್ಮ ಅಕ್ಕನ ಮಗ ಸೇಡಂ ಕಡೆಯ ಹಳ್ಳಿಯಿಂದ ಬಂದು ನಮ್ಮ ಮನೆಯಲ್ಲಿ ಉಳಿದಿದ್ದ. ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ತಯಾರಿ. ಓದು ಒಂದು ಕಡೆ, ಓಟ ಒಂದು ಕಡೆ. ಗಂಡು ಹುಡುಗರು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. ಅವನು ನಸುಕಿನಲ್ಲೇ ಎದ್ದು ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ ಹೋಗುತ್ತಿದ್ದ. ನಾನು ಜಿಮ್ ಸೇರುತ್ತೇನೆ ಅಂದಾಗ ಅವನಿಗೆ ಸರಿ ಕಾಣಲಿಲ್ಲ.

"ಮಾಮಾ, ಸುಮ್ನ ರೊಕ್ಕ ಯಾಕ ಹಾಕ್ತಿ? ಗ್ರೌಂಡ್ ಪುಕ್ಕಟ ಅದ. ನನ್ನ ಜೊತಿ ಬಾ."

ಆದರೆ ನನಗೆ ಬೆಳಗಿನ ಹೊತ್ತು ಇರಲಿಲ್ಲ. ಬೇಸಿಗೆ ಎರಡು ತಿಂಗಳು ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ನೀರು ಹಿಡಿಯುವುದು, ಮಕ್ಕಳನ್ನು ನೋಡುವುದು, ತಿಂಡಿ ಎಲ್ಲ ಮುಗಿಸಿ ಎಂಟಕ್ಕೆ ಕುರ್ಚಿಯಲ್ಲಿ ಇರಬೇಕು. ಸಂಜೆ ಖಾಲಿ ಇರುತ್ತಿದ್ದೆ. ಆದರೆ ಸಂಜೆ ಏಳಕ್ಕೂ ಡಾಂಬರು ಝಳ ಹೊಡೆಯುತ್ತದೆ, ಗೋಡೆ ಮುಟ್ಟಿದರೆ ಸುಡುತ್ತದೆ. ಬಿಸಿಲಿನಲ್ಲಿ ಮೈ ತಂಪು ಮಾಡಲು ರಕ್ತ ಚರ್ಮದ ಕಡೆ ಹರಿಯಬೇಕು. ಹಾಗಾಗಿ ಅದೇ ವೇಗಕ್ಕೆ ಹೃದಯ ಜಾಸ್ತಿ ಬಡಿಯುತ್ತದೆ. ದಮ್ಮು ಇಲ್ಲದ, ತೂಕ ಇರುವ, ವ್ಯಾಯಾಮ ಬಿಟ್ಟು ಎಷ್ಟೋ ವರ್ಷವಾದ ಮನುಷ್ಯನಿಗೆ ಅದು ತಕ್ಕ ಜಾಗವಲ್ಲ. ಜೇವರ್ಗಿ ರಸ್ತೆ ಕಡೆಯ ಒಂದು ಜಿಮ್ ಸೇರಿದೆ.

ದೊಡ್ಡ ಹಾಲ್. ಸಾಲಾಗಿ ಟ್ರೆಡ್‌ಮಿಲ್, ಎರಡು ಕ್ರಾಸ್ ಟ್ರೇನರ್ (ನಿಂತು ಪೆಡಲ್ ತುಳಿಯುತ್ತಾ ಕೈಹಿಡಿ ಹಿಂದೆ ಮುಂದೆ ಆಡಿಸುವ ಮಷಿನ್), ಕೆಲವು ಸೈಕಲ್, ಮೂಲೆಯಲ್ಲಿ ದೋಣಿಗೆ ಹುಟ್ಟು ಹಾಕಿದ ಹಾಗೆ ಎಳೆಯುವ ಒಂದು ರೋಯಿಂಗ್ ಮಷಿನ್. ಟ್ರೇನರ್ ಹುಡುಗ ವಯಸ್ಸಿನಲ್ಲಿ ಚಿಕ್ಕವನು, ಆದರೆ ಕೆಲಸ ಗೊತ್ತಿದ್ದವನು. ಮೊದಲ ದಿನವೇ ಓಡಲು ಬಿಡಲಿಲ್ಲ. "ಸರ್, ಮೊದಲು ಏರು ನಡಿಗಿ. ಓಟ ಆಮ್ಯಾಲ ನೋಡಾಣ" ಅಂದ. ಟ್ರೆಡ್‌ಮಿಲ್‌ನ ಕೆಂಪು ದಾರದ ಕ್ಲಿಪ್ ಅಂಗಿಗೆ ಹಾಕಿದ. ಜಾರಿದರೆ ದಾರ ಕಿತ್ತು ಬೆಲ್ಟ್ ನಿಲ್ಲುತ್ತದೆ. ನಮ್ಮಲ್ಲಿ ಬಹಳ ಜನ ಅದನ್ನು ಹಾಕಿಕೊಳ್ಳುವುದೇ ಇಲ್ಲ. ದಯವಿಟ್ಟು ಹಾಕಿಕೊಳ್ಳಿ.

ಏರು ನಡಿಗೆ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನಗೆ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಇದೇ. ಗಂಟೆಗೆ 5.5 ಕಿ.ಮೀ. ವೇಗದಲ್ಲಿ ಶೇ 10 ಏರಿನಲ್ಲಿ ನಡೆದರೆ ದೇಹ ಬಳಸುವ ಆಮ್ಲಜನಕ, ಸಮತಟ್ಟಾದ ನೆಲದಲ್ಲಿ 8 ಕಿ.ಮೀ. ವೇಗದಲ್ಲಿ ಓಡಿದಾಗ ಬಳಸುವಷ್ಟೇ, ಹೆಚ್ಚುಕಡಿಮೆ. ವ್ಯಾಯಾಮ ತಜ್ಞರು ಬಳಸುವ ಸೂತ್ರಕ್ಕೆ ಹಾಕಿ ನೋಡಿದರೆ ಎರಡೂ ಸುಮ್ಮನೆ ಕೂತಾಗಿನ ಎಂಟು ಪಟ್ಟಿಗಿಂತ ಸ್ವಲ್ಪ ಮೇಲೆ ಬರುತ್ತವೆ. ಅಂದರೆ ಹೃದಯಕ್ಕೆ, ಶ್ವಾಸಕೋಶಕ್ಕೆ ಓಟದಷ್ಟೇ ಕೆಲಸ. ಮಂಡಿಗೆ ಮಾತ್ರ ನಡಿಗೆಯ ಪೆಟ್ಟು. ನಮ್ಮ ಊರು ಬಯಲು, ದಿಣ್ಣೆ ಬೇಕೆಂದರೆ ಹುಡುಕಿಕೊಂಡು ಹೋಗಬೇಕು. ಟ್ರೆಡ್‌ಮಿಲ್‌ನಲ್ಲಿ ಒಂದು ಗುಂಡಿ ಒತ್ತಿದರೆ ಏರು ಬರುತ್ತದೆ. ಒಂದೇ ಷರತ್ತು, ಮುಂದಿನ ಹಿಡಿಕೆಗೆ ಜೋತು ಬೀಳಬಾರದು. ಹಿಡಿದುಕೊಂಡು ಹಿಂದಕ್ಕೆ ವಾಲಿದರೆ ಏರಿನ ಶ್ರಮವೆಲ್ಲ ಕೈಗೆ ಹೋಗುತ್ತದೆ. ಪರದೆ ಮಾತ್ರ ಅದೇ ಅಂಕಿ ತೋರಿಸುತ್ತಿರುತ್ತದೆ.

ಪರದೆಯ ಮೇಲಿನ ಕ್ಯಾಲರಿ ಅಂಕಿಯನ್ನು ನಾನು ನಂಬುವುದು ಬಿಟ್ಟೆ. ಕ್ರಾಸ್ ಟ್ರೇನರ್ ಅಂತೂ ತುಂಬಾ ಧಾರಾಳ. ನಾನು ನಂಬಿದ್ದು ಎರಡನ್ನೇ. ಒಂದು ಮಾತು. ಒಂದು ಪೂರ್ತಿ ವಾಕ್ಯ ಹೇಳಲು ಬರುತ್ತಿದೆ, ಹಾಡು ಹೇಳಲು ಆಗುತ್ತಿಲ್ಲ ಅಂದರೆ ಮಧ್ಯಮ ಶ್ರಮ. ನಾಲ್ಕು ಮಾತಿಗೆ ಉಸಿರು ಎಳೆದುಕೊಳ್ಳಬೇಕು ಅಂದರೆ ಜೋರು ಶ್ರಮ. ಇನ್ನೊಂದು ನಾಡಿ. ಬೆಳಿಗ್ಗೆ ಎಚ್ಚರವಾದ ಮೇಲೆ ಹಾಸಿಗೆ ಬಿಡುವ ಮುಂಚೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ಎಣಿಸುತ್ತಿದ್ದೆ. ಶುರುವಿನಲ್ಲಿ 84 ಇತ್ತು. ಮೇ ಕೊನೆಗೆ 76ರ ಸುತ್ತ ಬಂತು, ದೀಪಾವಳಿ ಹೊತ್ತಿಗೆ 70ಕ್ಕೂ ಕೆಳಗೆ. ಒಂದು ಬಡಿತಕ್ಕೆ ಹೃದಯ ಹೊರಹಾಕುವ ರಕ್ತ ಜಾಸ್ತಿಯಾದರೆ ಬಡಿತ ಕಡಿಮೆ ಸಾಕಾಗುತ್ತದೆ. ಕನ್ನಡಿಯಲ್ಲಿ ಏನೂ ಕಾಣದ ದಿನಗಳಲ್ಲಿ ಈ ಅಂಕಿ ನನಗೆ ಧೈರ್ಯ ಕೊಟ್ಟಿತು.

ಮಿಕ್ಕ ಮಷಿನ್‌ಗಳ ಬಗ್ಗೆ ಎರಡು ಮಾತು. ಸೈಕಲ್‌ನಲ್ಲಿ ಉಸಿರಿಗಿಂತ ಮೊದಲು ತೊಡೆ ಸೋಲುತ್ತದೆ. ಮೈಭಾರ ಸೀಟಿನ ಮೇಲೆ ಇರುವುದರಿಂದ ಮಂಡಿ ನೋವಿದ್ದವರಿಗೆ ವಾಸಿ. ಕ್ರಾಸ್ ಟ್ರೇನರ್‌ನಲ್ಲಿ ಪಾದ ಎತ್ತುವುದೇ ಇಲ್ಲ, ಹಾಗಾಗಿ ಪೆಟ್ಟು ಇಲ್ಲ. ಕೈ ಕಾಲು ಎರಡೂ ಕೆಲಸ ಮಾಡುತ್ತವೆ. ರೋಯಿಂಗ್ ಬೆನ್ನು, ತೊಡೆ, ಕೈ ಎಲ್ಲ ಕೇಳುತ್ತದೆ, ಆದರೆ ಕ್ರಮ ಕಲಿಯದೆ ಎಳೆದರೆ ಸೊಂಟ ಹಿಡಿಯುತ್ತದೆ. ಟ್ರೇನರ್ ಪಕ್ಕದಲ್ಲಿ ಇದ್ದಾಗ ಮಾತ್ರ ಅದನ್ನು ಮುಟ್ಟುತ್ತಿದ್ದೆ.

ಒಂದೂವರೆ ತಿಂಗಳಾದ ಮೇಲೆ ಟ್ರೇನರ್ ಜೋರು ಪಾಳಿ ಶುರು ಮಾಡಿಸಿದ. ನಾಲ್ಕು ನಿಮಿಷ ಜೋರು, ಮೂರು ನಿಮಿಷ ನಿಧಾನ, ಮತ್ತೆ ನಾಲ್ಕು ನಿಮಿಷ ಜೋರು. ಈ ಕೆಲಸಕ್ಕೆ ಟ್ರೆಡ್‌ಮಿಲ್‌ನಷ್ಟು ಒಳ್ಳೆಯ ಸಾಧನ ನಾನು ಕಂಡಿಲ್ಲ. 220ರಿಂದ ವಯಸ್ಸು ಕಳೆದರೆ ಹೃದಯದ ಗರಿಷ್ಠ ಬಡಿತದ ಅಂದಾಜು ಸಿಗುತ್ತದೆ ಅಂತಾರೆ. ನನ್ನ ಲೆಕ್ಕಕ್ಕೆ 178. ಆದರೆ ಅದು ಅಂದಾಜು ಅಷ್ಟೇ, ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಹೆಚ್ಚುಕಡಿಮೆ ಇರುವುದು ಮಾಮೂಲಿ. ಜೋರು ಪಾಳಿಯಲ್ಲಿ 155ರಿಂದ 160ರ ನಡುವೆ ನಿಲ್ಲಿಸಿಕೊಂಡೆ. ಬೆಲ್ಟ್ ವೇಗ ಬಿಟ್ಟುಕೊಡುವುದಿಲ್ಲ. ಮನಸ್ಸು ಸೋತರೂ ಕಾಲು ಹಾಕಲೇಬೇಕು. ಮುಂದೆ ಒಂದು ದೊಡ್ಡ ಫ್ಯಾನ್ ಇರಲೇಬೇಕು, ಅದು ಮಾತ್ರ ನೆನಪಿಡಿ. ಹೊರಗೆ ಓಡಿದರೆ ನಮ್ಮ ಓಟದಿಂದಲೇ ಮೈಗೆ ಗಾಳಿ ತಾಗುತ್ತದೆ. ಟ್ರೆಡ್‌ಮಿಲ್‌ನಲ್ಲಿ ನಿಂತ ಜಾಗದಲ್ಲೇ ಓಟ, ಬೆವರು ಆರುವುದಿಲ್ಲ. ಕರೆಂಟ್ ಹೋಗಿ ಫ್ಯಾನ್ ನಿಂತ ಸಂಜೆಗಳಲ್ಲಿ ಕಾಲಲ್ಲಿ ತುಳಿಯುವ ಸೈಕಲ್ ಕೂಡ ಭಾರವಾಗುತ್ತಿತ್ತು. ಮನೆಗೆ ಬಂದು ಉಪ್ಪು ಹಾಕಿದ ಮಜ್ಜಿಗೆ ಎರಡು ಲೋಟ ಕುಡಿದರೆ ಜೀವ ಬರುತ್ತಿತ್ತು.

ಜೂನ್ ಹೊತ್ತಿಗೆ ಆಫೀಸಿನ ಮೂರನೇ ಮಹಡಿಗೆ ಫೈಲ್ ಹಿಡಿದುಕೊಂಡು ಹತ್ತಿದರೂ ಮಾತಾಡುತ್ತಾ ಹತ್ತುತ್ತಿದ್ದೆ. ಬೆಲ್ಟ್ ಮೇಲೆ 9 ಕಿ.ಮೀ. ವೇಗದಲ್ಲಿ ಇಪ್ಪತ್ತು ನಿಮಿಷ ಆರಾಮಾಗಿ ಓಡುತ್ತಿದ್ದೆ. ಮಳೆ ಬಂತು, ಬೆಳಗು ತಂಪಾಯಿತು, ಕಚೇರಿ ವೇಳೆಯೂ ಮಾಮೂಲಿಗೆ ಬಂತು. ಅಳಿಯ ಮತ್ತೆ ಕರೆದ. ಈ ಸಲ ಹೋದೆ.

ಸ್ಟೇಡಿಯಂನಲ್ಲಿ ಆ ಬೆಳಿಗ್ಗೆ ಹತ್ತಿಪ್ಪತ್ತು ಹುಡುಗರು. ಎಲ್ಲ ಪೊಲೀಸ್, ಆರ್ಮಿ ಅಂತ ತಯಾರಿಯಲ್ಲಿದ್ದವರು. ಕೆಲವರಿಗೆ ಶೂ ಇತ್ತು, ಕೆಲವರು ಬರಿಗಾಲಲ್ಲಿ. ಒಂದು ಸುತ್ತು 400 ಮೀಟರ್. ಅಳಿಯ ನನ್ನ ಪಕ್ಕ ನಿಧಾನಕ್ಕೆ ಓಡುತ್ತಾ ಬಂದ. ಮೊದಲ ಸುತ್ತು ಮುಗಿಯಿತು, ಉಸಿರು ಸಲೀಸು. ಮಾತಾಡುತ್ತಲೇ ಇದ್ದೆ. ಎರಡನೇ ಸುತ್ತಿನ ತಿರುವಿನಲ್ಲಿ ಮೀನಖಂಡ ಬಿಗಿಯತೊಡಗಿತು. ಮೂರನೆಯದಕ್ಕೆ ಅದು ಕಲ್ಲಿನ ಹಾಗಾಯಿತು. ಎದೆ ಇನ್ನೂ ಓಡೋಣ ಅನ್ನುತ್ತಿದೆ, ಕಾಲು ನಿಲ್ಲು ಅನ್ನುತ್ತಿದೆ. ಅಂಥ ಅನುಭವ ನನಗೆ ಹೊಸದು. ಮರುದಿನ ಬೆಳಿಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯ ಮೇಲಿನ ನರ ಎಳೆದು ಹಿಡಿದಿತ್ತು. ಮೆಟ್ಟಿಲು ಹತ್ತಲು ಅಡ್ಡಿಯಿಲ್ಲ. ಇಳಿಯುವಾಗ ಮಾತ್ರ ಕಂಬಿ ಹಿಡಿದು, ಪಾದ ಅಡ್ಡ ಇಟ್ಟು, ಒಂದೊಂದೇ.

ಯಾಕೆ ಹೀಗೆ ಅಂತ ಟ್ರೇನರ್‌ನನ್ನೂ ಕೇಳಿದೆ, ಪರಿಚಯದ ಫಿಸಿಯೋಥೆರಪಿ ಡಾಕ್ಟರನ್ನೂ ಕೇಳಿದೆ, ಓದಿಯೂ ನೋಡಿದೆ. ಓಡುವಾಗ ಪಾದ ನೆಲಕ್ಕೆ ತಾಗಿದಾಗಲೆಲ್ಲ ಮೈತೂಕದ ಎರಡರಿಂದ ಮೂರು ಪಟ್ಟು ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ನನ್ನ ತೂಕ ಆಗ 80ರ ಮೇಲಿತ್ತು. ಲೆಕ್ಕ ಹಾಕಿಕೊಳ್ಳಿ. ಏರು ನಡಿಗೆಯಲ್ಲಿ, ಕ್ರಾಸ್ ಟ್ರೇನರ್‌ನಲ್ಲಿ ಆ ಭಾರ ಕಾಲಿಗೆ ಗೊತ್ತೇ ಆಗಿರಲಿಲ್ಲ. ಟ್ರೆಡ್‌ಮಿಲ್ ಓಟದಲ್ಲಿ ಗೊತ್ತಾಗುತ್ತದೆ, ಆದರೆ ಅಲ್ಲಿ ಹಲಗೆ ಸ್ವಲ್ಪ ಬಾಗುತ್ತದೆ, ಪ್ರತಿ ಹೆಜ್ಜೆಯೂ ಅದೇ ಸಮ ಜಾಗದಲ್ಲಿ ಬೀಳುತ್ತದೆ. ನೆಲದಲ್ಲಿ ಒಂದು ಹೆಜ್ಜೆ ತಗ್ಗಿಗೆ, ಒಂದು ಹೆಜ್ಜೆ ಹರಳಿನ ಮೇಲೆ. ತಿರುವಿನಲ್ಲಿ ಮೈ ಒಂದು ಕಡೆ ವಾಲುತ್ತದೆ. ಪಾದದ ಸಣ್ಣ ಸಣ್ಣ ಸ್ನಾಯುಗಳೆಲ್ಲ ಎಚ್ಚರ ಇರಬೇಕು.

ಇನ್ನೊಂದು ದೊಡ್ಡ ವಿಷಯ ಇದೆ. ಹೃದಯ, ರಕ್ತ, ಸ್ನಾಯು ಇವು ವಾರಗಳ ಲೆಕ್ಕದಲ್ಲಿ ಬಲಗೊಳ್ಳುತ್ತವೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ನಾರುಗಳಿಗೆ, ಎಲುಬಿಗೆ ತಿಂಗಳುಗಳೇ ಬೇಕು. ಹಾಗಾಗಿ ಮಷಿನ್‌ನಲ್ಲಿ ದಮ್ಮು ಬೆಳೆಸಿಕೊಂಡು ಗ್ರೌಂಡಿಗೆ ಬಂದವನಿಗೆ ಒಂದು ಅಪಾಯ ಇದೆ. ಏನೂ ಅಭ್ಯಾಸ ಇಲ್ಲದವನನ್ನು ಉಸಿರೇ ನಿಲ್ಲಿಸುತ್ತದೆ, ಕಾಲು ಉಳಿಯುತ್ತದೆ. ದಮ್ಮು ಇದ್ದವನನ್ನು ನಿಲ್ಲಿಸುವವರು ಯಾರೂ ಇಲ್ಲ. ಜಿಮ್‌ನಿಂದ ರಸ್ತೆಗೆ ಬರುವ ಪ್ರತಿಯೊಬ್ಬರಿಗೂ ನಾನು ಮೊದಲು ಹೇಳುವುದು ಇದನ್ನೇ. ಉಸಿರಿನ ಮಾತು ಕೇಳಬೇಡಿ, ಮೊದಲ ಎರಡು ಮೂರು ತಿಂಗಳು ಮೀನಖಂಡದ ಮಾತು ಕೇಳಿ.

ಆಮೇಲೆ ಕ್ರಮ ಮಾಡಿಕೊಂಡೆ. ವಾರದಲ್ಲಿ ಮೂರು ಬೆಳಿಗ್ಗೆ ನೆಲ, ಎರಡು ಸಂಜೆ ಮಷಿನ್. ನೆಲದ ಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಅರ್ಧ ತಾಸು. ಕಾಲು ನೋವಿಲ್ಲದೆ ಎರಡು ವಾರ ಕಳೆದರೆ ಓಟ ಒಂದು ನಿಮಿಷ ಜಾಸ್ತಿ. ದಮ್ಮು ಕಳೆದುಹೋಗದ ಹಾಗೆ ಮಷಿನ್ ಮೇಲೆ ಜೋರು ಪಾಳಿ. ಓಟದ ಕಾಲು ಬೆಳೆಯುವವರೆಗೆ ಹೃದಯ ಸುಮ್ಮನೆ ಕಾಯಬೇಕಾಗಿಲ್ಲ, ಅಲ್ವಾ?

ಮಳೆಗಾಲದಲ್ಲಿ ನಮ್ಮ ನೆಲದ ಗುಣ ಗೊತ್ತಿದ್ದವರಿಗೇ ಗೊತ್ತು. ಎರೆ ಮಣ್ಣು. ಒಂದು ಹದ ಮಳೆ ಬಿದ್ದರೆ ಸಾಕು, ಎರಡು ಹೆಜ್ಜೆಗೆ ಶೂ ಅಡಿಗೆ ಬೊಗಸೆಯಷ್ಟು ಮಣ್ಣು ಮೆತ್ತಿಕೊಳ್ಳುತ್ತದೆ. ಕೊಡವಿದರೆ ಹೋಗುವುದಿಲ್ಲ, ಕಡ್ಡಿ ತೆಗೆದುಕೊಂಡು ಕೆರೆಯಬೇಕು. ಕೆರೆದು ಎದ್ದು ನಿಂತರೆ ಮತ್ತೆ ಅಷ್ಟೇ. ಒಂದು ಪಾದ ಭಾರ, ಒಂದು ಪಾದ ಹಗುರ ಆಗಿ ಮೊಣಕಾಲು ಸೊಟ್ಟ ಬೀಳುತ್ತದೆ. ಅಂಥ ದಿನ ಊರಿನ ಅಪ್ಪನ ಕೆರೆ (ಶರಣಬಸವೇಶ್ವರ ಕೆರೆ) ಸುತ್ತಲಿನ ದಾರಿಗೆ ಹೋಗುತ್ತಿದ್ದೆ, ಇಲ್ಲಾ ಜಿಮ್‌ಗೆ.

ಆ ಮಳೆಗಾಲದಲ್ಲೇ ಅಳಿಯನಿಗೆ ಕೆಳಗಾಲಿನ ಮುಂದಿನ ಎಲುಬು ನೋಯತೊಡಗಿತು. ಗ್ರೌಂಡ್ ಕೆಸರಾಗಿದೆ ಅಂತ ಕೆಲವು ದಿನ ಸಿಮೆಂಟ್ ರಸ್ತೆಯಲ್ಲಿ ಜೋರಾಗಿ ಓಡಿದ್ದ. ಎಲುಬಿನ ಒಳಬದಿಗೆ ಬೆರಳು ಒತ್ತಿದರೆ ಹಾರಿ ಬೀಳುತ್ತಿದ್ದ. ಡಾಕ್ಟರಿಗೆ ತೋರಿಸಿದೆವು. ಎಲುಬಿನಲ್ಲಿ ಬಿರುಕು ಇಲ್ಲ, ಆದರೆ ಮೂರ್ನಾಲ್ಕು ವಾರ ಓಟ ಬಂದ್ ಅಂದರು. ಹುಡುಗ ಊಟ ಬಿಟ್ಟು ಕೂತ. "ಇಷ್ಟ್ ದಿನ ಮಾಡಿದ್ದೆಲ್ಲ ಹೋಯ್ತು ಮಾಮಾ" ಅಂತ ಒಂದೇ ಹಲಬು. ಅವನ ಅವ್ವ ಅಪ್ಪ ಎರಡು ಎಕರೆ ತೊಗರಿ ಹೊಲ ನಂಬಿಕೊಂಡು ಅವನನ್ನು ಇಲ್ಲಿ ಇಟ್ಟಿದ್ದರು. ಆ ನೌಕರಿ ಆ ಮನೆಗೆ ಎಷ್ಟು ಮುಖ್ಯ ಅಂತ ನನಗೆ ಗೊತ್ತಿತ್ತು.

ಅವನನ್ನು ನನ್ನ ಜೊತೆ ಜಿಮ್‌ಗೆ ಕರೆದುಕೊಂಡು ಹೋದೆ. ಟ್ರೇನರ್ ಸೈಕಲ್ ಮೇಲೆ ಕೂರಿಸಿದ. ಗ್ರೌಂಡಿನಲ್ಲಿ ಎಷ್ಟು ಹೊತ್ತು ಬೆವರುತ್ತಿದ್ದನೋ ಅಷ್ಟೇ ಹೊತ್ತು ಇಲ್ಲಿ. ಒಂದು ದಿನ ಉದ್ದಕ್ಕೆ ನಿಧಾನ, ಒಂದು ದಿನ ಒಂದೊಂದು ನಿಮಿಷ ಬಿರುಸು. ನೋವು ಇಳಿದ ಮೇಲೆ ಕ್ರಾಸ್ ಟ್ರೇನರ್, ಆಮೇಲೆ ಏರು ನಡಿಗೆ. ಓಟಕ್ಕೆ ಮರಳಿದಾಗ ಅವನ ದಮ್ಮು ಹೆಚ್ಚುಕಡಿಮೆ ಇದ್ದ ಹಾಗೇ ಇತ್ತು. ಮಷಿನ್ ಅಂದರೆ ದುಡ್ಡಿದ್ದವರ ಆಟ ಅನ್ನುತ್ತಿದ್ದವನು ಆಮೇಲೆ ಆ ಮಾತು ಆಡಲಿಲ್ಲ.

ಆಗ ನಾವಿಬ್ಬರೂ ಒಂದು ಪ್ರಯೋಗ ಮಾಡಿದೆವು. 1600 ಮೀಟರನ್ನು ಆರೂವರೆ ನಿಮಿಷಕ್ಕೆ ಮುಗಿಸಬೇಕು ಅಂದರೆ ವೇಗ ಗಂಟೆಗೆ 14.8 ಕಿ.ಮೀ. ಸ್ಟೇಡಿಯಂ ಲೆಕ್ಕದಲ್ಲಿ ಒಂದು ಸುತ್ತಿಗೆ 97 ಸೆಕೆಂಡಿನ ಆಸುಪಾಸು. ಟ್ರೆಡ್‌ಮಿಲ್ ಮೇಲೆ ಎದುರುಗಾಳಿ ಇರುವುದಿಲ್ಲ, ಅದಕ್ಕೆ ಶೇ 1 ಏರು ಇಟ್ಟರೆ ಹೊರಗಿನ ಓಟಕ್ಕೆ ಸಮ ಆಗುತ್ತದೆ. ಜೋನ್ಸ್ ಮತ್ತು ಡೌಸ್ಟ್ ಎಂಬ ಇಬ್ಬರು ಸಂಶೋಧಕರು 1996ರಲ್ಲಿ ಅಳೆದು ತೋರಿಸಿದ ಲೆಕ್ಕ ಅದು. ನನ್ನಂಥ ನಿಧಾನ ಓಟಗಾರರಿಗೆ ಅದರಿಂದ ಏನೂ ವ್ಯತ್ಯಾಸ ಇಲ್ಲ. ಅವನ ವೇಗಕ್ಕೆ ಲೆಕ್ಕಕ್ಕೆ ಬರುತ್ತದೆ. ಹಾಗೇ ಇಟ್ಟು ಓಡಿಸಿದೆವು. ಆರೂವರೆ ನಿಮಿಷ ಪೂರ್ತಿ ಓಡಿ ಇಳಿದ. ಮುಖದಲ್ಲಿ ನಗು.

ಎರಡು ದಿನ ಬಿಟ್ಟು ಸ್ಟೇಡಿಯಂನಲ್ಲಿ ನಾನು ಮೊಬೈಲ್ ಹಿಡಿದು ನಿಂತೆ. ಮೊದಲ ಸುತ್ತು 86 ಸೆಕೆಂಡ್. ನಾನು ಕೂಗಿದೆ, ಅವನಿಗೆ ಕೇಳಿಸಲಿಲ್ಲ. ಎರಡನೆಯದು 98. ಮೂರನೆಯದಕ್ಕೆ ಭುಜ ಕಿವಿಯ ಹತ್ತಿರ ಏರಿತು, 108 ಆಯಿತು. ಕೊನೆಗೆ ಒಟ್ಟು 6 ನಿಮಿಷ 40 ಸೆಕೆಂಡ್ ದಾಟಿತು. ದಮ್ಮು ಅದೇ, ಕಾಲು ಅದೇ. ಬೆಲ್ಟ್ ಮೇಲೆ ವೇಗವನ್ನು ಮೋಟಾರ್ ಕಾಯುತ್ತದೆ. ನೆಲದ ಮೇಲೆ ಅದನ್ನು ತಾನೇ ಕಾಯಬೇಕು, ಪಕ್ಕದಲ್ಲಿ ಇನ್ನೊಬ್ಬ ದಾಟಿ ಹೋಗುವಾಗಲೂ. ಆ ವಿದ್ಯೆಯನ್ನು ಯಾವ ಮಷಿನ್ನೂ ಕಲಿಸುವುದಿಲ್ಲ. ಅದಾದ ಮೇಲೆ ಅವನ ಜೋರು ಅಭ್ಯಾಸವೆಲ್ಲ ಸ್ಟೇಡಿಯಂಗೆ ಹೋಯಿತು. ನಾನು ಪ್ರತಿ 200 ಮೀಟರಿಗೆ ಕೂಗಿ ಹೇಳುತ್ತಿದ್ದೆ, 48, 97, 146. ಕೆಲವು ವಾರದಲ್ಲಿ ನನ್ನ ಕೂಗು ಬೇಕಾಗಲಿಲ್ಲ. ಚಳಿಗಾಲ ಬರುವಷ್ಟರಲ್ಲಿ ನಾಲ್ಕೂ ಸುತ್ತು ಒಂದೇ ಸಮ ಓಡಿ 6.20ರ ಸುತ್ತಮುತ್ತ ಮುಗಿಸತೊಡಗಿದ. ನನಗಾದ ಖುಷಿ ನನ್ನ ಸ್ವಂತ ಓಟದಲ್ಲೂ ಆಗಿರಲಿಲ್ಲ.

ಮನೆಯವಳ ವಿಷಯ ಬೇರೆ, ಅದನ್ನು ಬರೆಯದೆ ಇರಲಾರೆ. ಅವಳೂ ಬೆಳಿಗ್ಗೆ ಓಡೋಣ ಅಂತ ಶುರು ಮಾಡಿದಳು. ನಸುಕಿನಲ್ಲಿ ಒಬ್ಬಳೇ ರಸ್ತೆಗೆ ಇಳಿದರೆ ಬೀದಿ ನಾಯಿ ಒಂದು ಕಡೆ, ನೋಡುವ ಕಣ್ಣು ಇನ್ನೊಂದು ಕಡೆ. ನಡೆದರೆ ಯಾರೂ ಏನೂ ಅನ್ನುವುದಿಲ್ಲ, ಓಡಿದರೆ ತಿರುಗಿ ನೋಡುತ್ತಾರೆ. ಹೊರಗಿನ ಓಟ ಪುಕ್ಕಟೆ ಅಂತ ಗಂಡಸರು ಸಲೀಸಾಗಿ ಹೇಳಿಬಿಡುತ್ತೇವೆ. ಹೆಣ್ಣುಮಕ್ಕಳಿಗೆ ಅದು ಪುಕ್ಕಟೆ ಅಲ್ಲ. ಅವಳಿಗೆ ಜಿಮ್‌ನ ಲೇಡೀಸ್ ಬ್ಯಾಚ್ ಸರಿ ಹೊಂದಿತು. ಮಂಡಿ ಸ್ವಲ್ಪ ನೋಯುತ್ತಿದ್ದುದರಿಂದ ಕ್ರಾಸ್ ಟ್ರೇನರ್, ಏರು ನಡಿಗೆ ಎರಡೇ. ಒಂದು ದಿನವೂ ನೆಲದ ಮೇಲೆ ಓಡಿಲ್ಲ. ಆದರೂ ಅವಳ ಬಿಪಿ ಇಳಿದಿದೆ, ಮೆಟ್ಟಿಲು ಹತ್ತಿದರೆ ಏದುಸಿರು ಇಲ್ಲ. ಓಟದ ಪರೀಕ್ಷೆ ಬರೆಯಬೇಕಾಗಿಲ್ಲದವರಿಗೆ ಓಟ ಕಡ್ಡಾಯ ಅಲ್ಲವೇ ಅಲ್ಲ. ಎಲುಬಿನ ಗಟ್ಟಿತನಕ್ಕೆ ಮಾತ್ರ ಸ್ವಲ್ಪ ಪೆಟ್ಟು ಬೇಕು ಅಂತ ಡಾಕ್ಟರ್ ಹೇಳಿದ್ದರಿಂದ ಅವಳು ತೂಕ ಎತ್ತುವುದನ್ನೂ, ಜೋರು ನಡಿಗೆಯನ್ನೂ ಸೇರಿಸಿಕೊಂಡಿದ್ದಾಳೆ. ಸೈಕಲ್ ಒಂದನ್ನೇ ನಂಬಿದವರು ಇದನ್ನು ಗಮನಿಸಬೇಕು.

ನವೆಂಬರ್, ಡಿಸೆಂಬರ್ ನಮ್ಮ ಊರಿನಲ್ಲಿ ಓಡುವವರ ಹಬ್ಬ. ಬೆಳಗಿನ ಹವೆ 15 ಡಿಗ್ರಿ ಹತ್ತಿರ. ಸೇಡಂ ರಸ್ತೆಯ ಗುಲಬರ್ಗಾ ವಿಶ್ವವಿದ್ಯಾಲಯದ ಆವರಣಕ್ಕೆ ಹೋಗತೊಡಗಿದೆ. ಉದ್ದ ರಸ್ತೆ, ಗಿಡಮರ, ಗಾಡಿ ಕಡಿಮೆ. ಅಲ್ಲಿ ಮೊದಲ ಸಲ 5 ಕಿ.ಮೀ. ನಿಲ್ಲದೆ ಓಡಿದೆ. ಗಡಿಯಾರ ನೋಡಲಿಲ್ಲ. ಟ್ರೆಡ್‌ಮಿಲ್ ಮೇಲೆ ಹನ್ನೆರಡನೇ ನಿಮಿಷ ಆಗಿದೆಯಾ ಹದಿಮೂರಾ ಅಂತ ಪರದೆ ನೋಡುತ್ತಲೇ ಇರುತ್ತಿದ್ದೆ. ಇಲ್ಲಿ ಮುಂದಿನ ಮರ, ಮುಂದಿನ ತಿರುವು ಅನ್ನುತ್ತಾ ಮುಗಿದೇ ಹೋಗುತ್ತದೆ. ಎದುರಿಗೆ ಬಂದ ಹಿರಿಯರು "ಶರಣ್ರಿ" ಅಂತಾರೆ, ನಾವೂ ಅಂತೀವಿ. ಓಟ ಮುಗಿಸಿ ದಾರಿಯಲ್ಲಿ ಸುಸಲಾ ತಿನ್ನುತ್ತೇವೆ. ಪಕ್ಕದ ಮಿರ್ಚಿ ಭಜಿ ಮಾತ್ರ ಈಗ ಬಿಟ್ಟಿದ್ದೇನೆ. ನನಗೆ ಮನಸ್ಸಿನಿಂದ ಇಷ್ಟವಾದದ್ದು ಯಾವುದು ಅಂತ ಕೇಳಿದರೆ ಹೊರಗಿನ ಓಟವೇ, ಎರಡು ಮಾತಿಲ್ಲ. ಆದರೆ ಆ ಬೇಸಿಗೆಯ ಏರು ನಡಿಗೆ ಇಲ್ಲದಿದ್ದರೆ ಈ ಬೆಳಗು ನನಗೆ ಸಿಗುತ್ತಿರಲಿಲ್ಲ ಅನ್ನುವುದೂ ಅಷ್ಟೇ ಖರೆ.

ಜನವರಿಯಲ್ಲಿ ಮತ್ತೆ ಪರೀಕ್ಷೆ ಮಾಡಿಸಿದೆ. ಎಚ್‌ಬಿಎ1ಸಿ 5.6. ಟಿಎಂಟಿಯಲ್ಲಿ ನಾಲ್ಕನೇ ಹಂತದ ಮಧ್ಯದವರೆಗೆ ಹೋದೆ. ಅಲ್ಲಿ ವೇಗ 6.7 ಕಿ.ಮೀ., ಏರು ಶೇ 16. ಡಾಕ್ಟರ್ ಕೈ ಕುಲುಕಿದರು. ತೂಕವೂ ಆರೇಳು ಕೆ.ಜಿ. ಇಳಿದಿತ್ತು. ರಾತ್ರಿ ಅನ್ನ ಕಡಿಮೆ ಮಾಡಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಬೇಳೆ ಅಂತ ಇದ್ದದ್ದೂ ಅದರಲ್ಲಿ ಸೇರಿದೆ. ಯಾವುದರಿಂದ ಎಷ್ಟು ಅಂತ ಪಾಲು ಮಾಡಲು ಬರುವುದಿಲ್ಲ.

ಆಫೀಸಿನಲ್ಲಿ ಈಗ ಬರುವ ಪ್ರಶ್ನೆ, ಮನೆಗೇ ಒಂದು ಟ್ರೆಡ್‌ಮಿಲ್ ತರಲಾ ಅನ್ನುವುದು. ತರುವ ಮುಂಚೆ ಎರಡು ತಿಂಗಳು ಜಿಮ್‌ನಲ್ಲಿ ಅದರ ಮೇಲೆ ನಡೆದು ನೋಡಿ ಅನ್ನುತ್ತೇನೆ. ಬೇಸರ ಬರುವವರಿಗೆ ಅಲ್ಲೇ ಬರುತ್ತದೆ. ತರುವುದಾದರೆ ಮೋಟಾರಿನ ಎಚ್‌ಪಿ ಕೇಳುವಾಗ ಪೀಕ್ ಎಚ್‌ಪಿ (ಕ್ಷಣ ಹೊತ್ತು ಕೊಡುವ ಗರಿಷ್ಠ ಬಲ) ಎಷ್ಟು, ಕಂಟಿನ್ಯುವಸ್ (ಬಿಡದೆ ಕೊಡುವ ಬಲ) ಎಷ್ಟು ಅಂತ ಬೇರೆ ಬೇರೆ ಕೇಳಿ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವುದು ಪೀಕ್. ದಿನಾ ಕೆಲಸಕ್ಕೆ ಬರುವುದು ಎರಡನೆಯದು. ಏರು ಗುಂಡಿಯಿಂದ ಏರಿಳಿಯಬೇಕು, ಕೈಯಿಂದ ಎತ್ತಿಡುವಂಥದ್ದು ಬೇಡ. ಓಡುವವರಾದರೆ ಬೆಲ್ಟ್ ಉದ್ದ ಇರಲಿ. ನಮ್ಮ ಮನೆಗಳ ಶಹಾಬಾದ್ ಫರಸಿ ಎಲ್ಲ ಕಡೆ ಒಂದೇ ಮಟ್ಟ ಇರುವುದಿಲ್ಲ, ಅಡಿಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ. ಮನೆಯ ಸಣ್ಣ ಇನ್ವರ್ಟರ್‌ಗೆ ಅದನ್ನು ಸಿಕ್ಕಿಸಬೇಡಿ.

ಈಗ ಮತ್ತೆ ಮಾರ್ಚ್. ಕಚೇರಿ ವೇಳೆ ಬದಲಾಗುತ್ತದೆ, ಓಟ ಕಡಿಮೆ ಮಾಡಿ ಸಂಜೆ ಜಿಮ್‌ಗೆ ಹೊರಳುತ್ತೇನೆ. ಹಾಗಂತ ನೆಲವನ್ನು ಪೂರ್ತಿ ಬಿಡುವುದಿಲ್ಲ. ಭಾನುವಾರ ಸೂರ್ಯ ಹುಟ್ಟುವ ಮುಂಚೆ ಅರ್ಧ ತಾಸು, ಮತ್ತೆ ವಾರದ ನಡುವೆ ಒಂದು ದಿನ ಮನೆ ಹತ್ತಿರವೇ ಹದಿನೈದು ನಿಮಿಷ. ದಮ್ಮನ್ನು ಮಷಿನ್ ನೋಡಿಕೊಳ್ಳುತ್ತದೆ. ಜೂನ್‌ನಲ್ಲಿ ಮೀನಖಂಡ ಮತ್ತೆ ಮೊದಲಿನಿಂದ ಶುರು ಮಾಡಬಾರದು, ಅದಕ್ಕೆ ಇಷ್ಟು ಸಾಕು ಅಂತ ಫಿಸಿಯೋಥೆರಪಿ ಡಾಕ್ಟರ್ ಹೇಳಿದ್ದಾರೆ.